ಹಳದಿ ಪುಡಿಗೆ ಕಪ್ಪು ಹಾಳೆಯ ಜೊತೆ ಏಕೆ ಬೇಕು?

ಪ್ರಶ್ನೆ: ನಮ್ಮ ಮನೆ ಶಿರಸಿ ಹತ್ತಿರ. ನಾನು ಕಾರವಾರದಲ್ಲಿ ಎಂ.ಎಸ್ಸಿ. ರಸಾಯನಶಾಸ್ತ್ರ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆಂದು ಯೂರಿಯಾ ಕಾಯಿಸಿ ಕಾರ್ಬನ್ ನೈಟ್ರೈಡ್ ಮಾಡಿದೆವು. ಹಳದಿ ಪುಡಿ ಚೆನ್ನಾಗಿಯೇ ಬಂತು. ಅದನ್ನು ನೀರಿಗೆ ಹಾಕಿ ಬಿಸಿಲಿಗೆ ಇಟ್ಟರೆ ಹೈಡ್ರೋಜನ್ ಮಾತ್ರ ಬರಲಿಲ್ಲ. ಪ್ಲಾಟಿನಂ ಸೇರಿಸಿದರೆ ಬರುತ್ತದಂತೆ, ಆದರೆ ಅದಕ್ಕೆ ದುಡ್ಡಿಲ್ಲ. ಮಾಲಿಬ್ಡಿನಂ ಡೈಸಲ್ಫೈಡ್ ಇಲ್ಲವೇ ಮ್ಯಾಕ್ಸೀನ್‌ನಂತಹ ಎರಡು ಆಯಾಮದ, ಅಂದರೆ ತೆಳು ಹಾಳೆಯಂತಹ ಕೋ-ಕ್ಯಾಟಲಿಸ್ಟ್ (ಜೊತೆಗಿದ್ದು ಕ್ರಿಯೆಗೆ ವೇಗ ಕೊಡುವ ವಸ್ತು) ಬಳಸಿ ಎಂದು ಗೈಡ್ ಹೇಳುತ್ತಾರೆ. ಬೆಳಕು ಹೀರುವ ಪುಡಿ ಇರುವಾಗ ಇನ್ನೊಂದು ಏಕೆ? ಅದೂ ಹಾಳೆಯೇ ಏಕೆ ಆಗಬೇಕು? ಎದುರಿಗೇ ಸಮುದ್ರ ಇದೆ, ಆ ನೀರನ್ನೇ ಬಳಸಬಹುದಾ? ಅಪ್ಪ ಅಡಿಕೆ ಬೇಯಿಸಿ ಉಳಿದ ಚೊಗರು ನೀರನ್ನು ಇದರಿಂದ ಶುದ್ಧ ಮಾಡಬಹುದಾ ಎಂದು ಕೇಳುತ್ತಿದ್ದಾರೆ.

ಉತ್ತರ: ಮೊದಲಿಗೆ ಒಂದು ಸಮಾಧಾನ. ನಿಮ್ಮ ಪುಡಿ ಕೆಟ್ಟಿಲ್ಲ. ಬರೀ ಕಾರ್ಬನ್ ನೈಟ್ರೈಡ್‌ನಿಂದ ಹೈಡ್ರೋಜನ್ ಬಾರದೇ ಇರುವುದೇ ಸಹಜ. ಈ ಹಳದಿ ಪುಡಿ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಹೈಡ್ರೋಜನ್ ಕೊಡುತ್ತದೆ ಎಂದು 2009ರಲ್ಲಿ ಮೊದಲು ತೋರಿಸಿದಾಗಲೂ ಅದರ ಜೊತೆ ಪ್ಲಾಟಿನಂ ಇತ್ತು. ಪ್ಲಾಟಿನಂ ಇಲ್ಲದಾಗ ಬಂದದ್ದು ತೀರಾ ಅಲ್ಪ. ಯೂರಿಯಾ ಕಾಯಿಸುವಾಗ ಅಮೋನಿಯಾ ವಾಸನೆ ಬಂದು, ಕೊನೆಗೆ ಮುಚ್ಚಳದ ಅಡಿಯಲ್ಲಿ ಹಗುರವಾದ ತಿಳಿ ಹಳದಿ ಪುಡಿ ಉಳಿದಿದ್ದರೆ ಅರ್ಧ ಕೆಲಸ ಆದಂತೆಯೇ.

ಉಳಿದ ಅರ್ಧ ಎಲ್ಲಿ ನಿಂತಿದೆ ನೋಡೋಣ. ಪುಡಿ ಹಳದಿಯಾಗಿ ಕಾಣುವುದು ಅದು ನೀಲಿ ಬೆಳಕನ್ನು ಹೀರುವುದರಿಂದ. ಅದರ ಬ್ಯಾಂಡ್ ಗ್ಯಾಪ್, ಅಂದರೆ ಎಲೆಕ್ಟ್ರಾನ್ ಮೇಲಕ್ಕೆ ಹೋಗಲು ಬೇಕಾದ ಕನಿಷ್ಠ ಶಕ್ತಿ, ಸುಮಾರು 2.7 ಎಲೆಕ್ಟ್ರಾನ್ ವೋಲ್ಟ್. ಅಂದರೆ 460 ನ್ಯಾನೋಮೀಟರ್‌ವರೆಗಿನ ಬೆಳಕು ಅದಕ್ಕೆ ದಕ್ಕುತ್ತದೆ. ಬೆಳಕು ಬಿದ್ದಾಗ ಒಂದು ಎಲೆಕ್ಟ್ರಾನ್ ಮೇಲಕ್ಕೆ ಹೋಗುತ್ತದೆ, ಕೆಳಗೆ ಅದರ ಜಾಗ ಖಾಲಿ ಉಳಿಯುತ್ತದೆ. ಪಠ್ಯದಲ್ಲಿ ಇದಕ್ಕೆ ರಂಧ್ರ ಎನ್ನುತ್ತಾರೆ. ಎಲೆಕ್ಟ್ರಾನ್ ಹೊರಗೆ ಹೋಗಿ ನೀರಿನ ಪ್ರೋಟಾನಿಗೆ ಸಿಗಬೇಕು. ಆದರೆ ಹೆಚ್ಚಿನವು ಹೊರಗೆ ಹೋಗುವುದೇ ಇಲ್ಲ. ನ್ಯಾನೋಸೆಕೆಂಡುಗಳ ಒಳಗೇ ವಾಪಸ್ಸು ರಂಧ್ರಕ್ಕೆ ಬಿದ್ದು ಬಿಡುತ್ತವೆ. ಮೇಲ್ಮೈಯಲ್ಲಿ ನಡೆಯಬೇಕಾದ ರಸಾಯನ ಕ್ರಿಯೆಗೆ ಮೈಕ್ರೋಸೆಕೆಂಡಿನಿಂದ ಹಿಡಿದು ಮಿಲಿಸೆಕೆಂಡು, ಕೆಲವೊಮ್ಮೆ ಅದಕ್ಕೂ ಜಾಸ್ತಿ ಸಮಯ ಬೇಕು. ಸಾವಿರ ಪಟ್ಟು, ಲಕ್ಷ ಪಟ್ಟು ನಿಧಾನ. ಮೇಲಾಗಿ ಒಂದು ಹೈಡ್ರೋಜನ್ ಅಣುವಿಗೆ ಎರಡು ಎಲೆಕ್ಟ್ರಾನ್ ಬೇಕು. ಎರಡೂ ಒಂದೇ ಜಾಗಕ್ಕೆ ಬರಬೇಕು, ಅಲ್ವಾ?

ಬೈತಖೋಲ ಬಂದರಿಗೆ ನೀವು ಬೆಳಿಗ್ಗೆ ಹೋಗಿರುತ್ತೀರಿ. ಬಂಗಡೆ ಸಿಕ್ಕಾಪಟ್ಟೆ ಬಿದ್ದ ದಿನ ನೆನಪಿಸಿಕೊಳ್ಳಿ. ಬೋಟುಗಳು ತುಂಬಿ ಬಂದಿವೆ. ಬಲೆ ಚೆನ್ನಾಗಿದೆ, ಎಂಜಿನ್ ಚೆನ್ನಾಗಿದೆ. ಆದರೆ ಧಕ್ಕೆಯಲ್ಲಿ ಜಾಗ ಇಲ್ಲ. ಮೀನು ಇಳಿಸಲು ಆಗದೆ ಬೋಟು ನೀರಿನಲ್ಲೇ ಕಾಯುತ್ತದೆ, ಐಸ್ ಕರಗುತ್ತದೆ, ಮೀನು ಹಾಳಾಗುತ್ತದೆ. ಆ ಹೊತ್ತಿಗೆ ಇನ್ನೂ ದೊಡ್ಡ ಬಲೆ ತಂದರೆ ಏನು ಉಪಯೋಗ? ಬೇಕಿರುವುದು ಧಕ್ಕೆ. ಕೋ-ಕ್ಯಾಟಲಿಸ್ಟ್ ಎಂದರೆ ಈ ಧಕ್ಕೆ. ಬೆಳಕು ಹಿಡಿಯುವ ಕೆಲಸ ಹಳದಿ ಪುಡಿಯದು, ಎಲೆಕ್ಟ್ರಾನ್ ಇಳಿಸಿಕೊಂಡು ಪ್ರೋಟಾನಿಗೆ ಒಪ್ಪಿಸುವ ಕೆಲಸ ಕೋ-ಕ್ಯಾಟಲಿಸ್ಟಿನದು. ನನ್ನ ಅನುಭವದಲ್ಲಿ ವಿದ್ಯಾರ್ಥಿಗಳು ಬಲೆಯ ಮೇಲೆ ಒಂದು ವರ್ಷ ಕಳೆಯುತ್ತಾರೆ, ಧಕ್ಕೆಗೆ ಕೊನೆಯ ಹದಿನೈದು ದಿನ ಇಡುತ್ತಾರೆ. ಅದು ಉಲ್ಟಾ ಆಗಬೇಕು.

ಒಳ್ಳೆಯ ಧಕ್ಕೆಯ ಲಕ್ಷಣ ಏನು? ಎಲೆಕ್ಟ್ರಾನ್ ಅದರೊಳಗೆ ಸಲೀಸಾಗಿ ಇಳಿಯಬೇಕು, ಮತ್ತೆ ವಾಪಸ್ಸು ಹೋಗಬಾರದು. ಹೈಡ್ರೋಜನ್ ಪರಮಾಣುವನ್ನು ಅದು ಹದವಾಗಿ ಹಿಡಿಯಬೇಕು. ಸಡಿಲವಾದರೆ ಪ್ರೋಟಾನ್ ಅಂಟಿಕೊಳ್ಳುವುದೇ ಇಲ್ಲ. ಬಿಗಿಯಾದರೆ ಅಂಟಿದ್ದು ಬಿಡುವುದೇ ಇಲ್ಲ. ಈ ಹದದ ಮಾತನ್ನು ಸಬಾಟಿಯೇ ತತ್ವ ಎನ್ನುತ್ತಾರೆ. 1912ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದವರಲ್ಲಿ ಒಬ್ಬರಾದ ಪಾಲ್ ಸಬಾಟಿಯೇ ಅವರ ಹೆಸರು ಅದು. ಪ್ಲಾಟಿನಂ ಈ ಹದಕ್ಕೆ ಬಹಳ ಹತ್ತಿರ ಇದೆ, ಅದಕ್ಕೇ ಎಲ್ಲರೂ ಅದನ್ನೇ ಹುಡುಕುವುದು. ಟೈಟೇನಿಯಂ ಡೈಆಕ್ಸೈಡ್ ಮೇಲೆ ಬೆಳಕು ಬಿಟ್ಟು ನೀರು ಒಡೆದ ಫುಜಿಶಿಮಾ ಮತ್ತು ಹೊಂಡಾ ಅವರ 1972ರ ಪ್ರಯೋಗದಲ್ಲೂ ಹೈಡ್ರೋಜನ್ ಬಂದದ್ದು ಎದುರಿನ ಪ್ಲಾಟಿನಂ ತುದಿಯಲ್ಲಿ. ಆದರೆ ಪ್ಲಾಟಿನಂಗೆ ಬೆಲೆಯದ್ದಷ್ಟೇ ಅಲ್ಲ, ಇನ್ನೊಂದು ತೊಂದರೆಯೂ ಇದೆ. ಹೈಡ್ರೋಜನ್ ಮತ್ತು ಆಕ್ಸಿಜನ್ ಒಟ್ಟಿಗೆ ಇದ್ದರೆ ಅವನ್ನು ಮತ್ತೆ ನೀರಾಗಿಸುವುದರಲ್ಲೂ ಅದು ಅಷ್ಟೇ ಚುರುಕು.

ಈಗ ಹಾಳೆಯ ವಿಷಯ. ನಿಮ್ಮ ಪ್ರಶ್ನೆಯ ಮುಖ್ಯ ಭಾಗ ಇದೇ.

ಬೇಸಿಗೆಯಲ್ಲಿ ನಿಮ್ಮ ಮನೆಯಲ್ಲಿ ಹಲಸಿನ ಹಪ್ಪಳ ಮಾಡುತ್ತಾರಲ್ಲ. ಹಸಿ ಹಪ್ಪಳದ ಮೇಲೆ ಒಂದು ಕಾಳುಮೆಣಸು ಇಡಿ. ಅದು ಹಪ್ಪಳಕ್ಕೆ ತಾಗುವುದು ಒಂದು ಚುಕ್ಕಿಯಷ್ಟು ಜಾಗದಲ್ಲಿ. ಸ್ವಲ್ಪ ಓರೆ ಮಾಡಿದರೆ ಉರುಳಿ ಹೋಗುತ್ತದೆ. ಅದೇ ಹಸಿ ಹಪ್ಪಳದ ಮೇಲೆ ಇನ್ನೊಂದು ಹಸಿ ಹಪ್ಪಳ ಬಿದ್ದರೆ? ಅಂಚಿನಿಂದ ಅಂಚಿಗೆ ಅಂಟಿಕೊಂಡು ಬಿಡುತ್ತದೆ. ಬಿಡಿಸಲು ಹೋದರೆ ಹರಿಯುತ್ತದೆ. ಗುಂಡಗಿನ ಕಣದ ಕೋ-ಕ್ಯಾಟಲಿಸ್ಟ್ ಕಾಳುಮೆಣಸಿನ ಹಾಗೆ, ಹಾಳೆಯ ಕೋ-ಕ್ಯಾಟಲಿಸ್ಟ್ ಎರಡನೇ ಹಪ್ಪಳದ ಹಾಗೆ. ನಿಮ್ಮ ಕಾರ್ಬನ್ ನೈಟ್ರೈಡ್ ತಾನೇ ಪದರ ಪದರವಾಗಿದೆ. ಅದರ ಮೇಲೆ ಇನ್ನೊಂದು ಹಾಳೆ ಮೈಗೆ ಮೈ ತಾಗಿಸಿ ಕೂತರೆ, ಎಲೆಕ್ಟ್ರಾನ್ ಎಲ್ಲಿ ಹುಟ್ಟಿದರೂ ನೇರ ಮೇಲಕ್ಕೆ ಒಂದು ಹೆಜ್ಜೆ ಇಟ್ಟರೆ ಸಾಕು. ಬೋಟು ಧಕ್ಕೆಗೆ ಮೂಗು ತಾಗಿಸಿ ನಿಲ್ಲುವುದಕ್ಕೂ, ಇಡೀ ಮಗ್ಗುಲು ಕೊಟ್ಟು ನಿಲ್ಲುವುದಕ್ಕೂ ಇರುವ ವ್ಯತ್ಯಾಸವೇ ಇದು. ಮಗ್ಗುಲು ಕೊಟ್ಟರೆ ಹತ್ತು ಜನ ಒಟ್ಟಿಗೆ ಬುಟ್ಟಿ ಇಳಿಸಬಹುದು.

ಎರಡನೆಯದು ತೆಳುತನ. ಕಾರ್ಬನ್ ಹಾಳೆಯಾದ ಗ್ರಾಫೀನ್‌ನ ಒಂದು ಪದರ ಸುಮಾರು 0.34 ನ್ಯಾನೋಮೀಟರ್ ದಪ್ಪ. ಮಾಲಿಬ್ಡಿನಂ ಡೈಸಲ್ಫೈಡ್‌ನದು ಸುಮಾರು 0.65. ಇಷ್ಟು ತೆಳುವಾದರೆ ಪರಮಾಣುಗಳೆಲ್ಲ ಮೇಲ್ಮೈಯಲ್ಲೇ ಇದ್ದಂತೆ. ಒಳಗೆ ಸುಮ್ನೆ ಕೂತ ಪರಮಾಣು ಇಲ್ಲ. ಹಾಳೆಗೆ ಇಳಿದ ಎಲೆಕ್ಟ್ರಾನ್ ನೀರನ್ನು ಮುಟ್ಟಲು ದೂರ ಹೋಗಬೇಕಿಲ್ಲ.

ಆದರೆ ಹಾಳೆ ಎಂದ ಮಾತ್ರಕ್ಕೆ ಇಡೀ ಹಾಳೆ ಕೆಲಸ ಮಾಡುತ್ತದೆ ಎಂದುಕೊಳ್ಳಬೇಡಿ. ಮಾಲಿಬ್ಡಿನಂ ಡೈಸಲ್ಫೈಡ್ ಇದಕ್ಕೆ ಒಳ್ಳೆಯ ಉದಾಹರಣೆ. ಲಾರಿ ಗ್ಯಾರೇಜಿನಲ್ಲಿ ಕಪ್ಪು ಮಾಲಿ ಗ್ರೀಸ್ ನೋಡಿರಬಹುದು. ಅದರೊಳಗಿನ ಕಪ್ಪು ಪುಡಿ ಇದೇ. ಪದರಗಳು ಒಂದರ ಮೇಲೊಂದು ಜಾರುತ್ತವೆ, ಅದಕ್ಕೇ ಗ್ರೀಸಿಗೆ ಹಾಕುತ್ತಾರೆ. ಅಷ್ಟು ಜಾರುವ ಮೈ ಹೈಡ್ರೋಜನ್ನನ್ನೂ ಹಿಡಿಯುವುದಿಲ್ಲ. ಹಾಳೆಯ ನಡುಭಾಗ ಹೆಚ್ಚುಕಮ್ಮಿ ಸತ್ತ ಜಾಗ. ಕೆಲಸ ನಡೆಯುವುದು ಅಂಚಿನಲ್ಲಿ. ಅಂಚಿನ ಗಂಧಕದ ಪರಮಾಣುಗಳು ಹೈಡ್ರೋಜನ್ನನ್ನು ಹದವಾಗಿ ಹಿಡಿಯಬಲ್ಲವು ಎಂದು 2005ರಲ್ಲಿ ಲೆಕ್ಕ ಹಾಕಿ ಹೇಳಿದರು. 2007ರಲ್ಲಿ ಪ್ರಯೋಗದಿಂದ ಅದು ಖಚಿತವಾಯಿತು. ಹಾಳೆಯ ವಿಸ್ತಾರಕ್ಕೆ ಅಲ್ಲ, ಅಂಚಿನ ಉದ್ದಕ್ಕೆ ತಕ್ಕಂತೆ ಹೈಡ್ರೋಜನ್ ಜಾಸ್ತಿಯಾಯಿತು. ಹಾಗಾಗಿ ದೊಡ್ಡ ಹಾಳೆಗಿಂತ ಚಿಕ್ಕ, ಹರಿದ, ತೂತು ಬಿದ್ದ ಹಾಳೆಯೇ ಮೇಲು. ಇನ್ನೊಂದು ದಾರಿಯೂ ಇದೆ. ಸಾಮಾನ್ಯ ರೂಪವಾದ 2ಎಚ್ ಅರೆವಾಹಕ, 1ಟಿ ಎಂಬ ರೂಪ ಲೋಹದ ಹಾಗೆ ವಿದ್ಯುತ್ ಹರಿಸುತ್ತದೆ. ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ 2013ರಲ್ಲೇ ಒಂದು ಪದರದ 1ಟಿ ರೂಪದಿಂದ, ಬೆಳಕು ಹೀರುವ ಬಣ್ಣದ ಜೊತೆ ಸೇರಿಸಿ, ಹೈಡ್ರೋಜನ್ ತೆಗೆದು ತೋರಿಸಿತ್ತು.

ನನಗೆ ಈಗಲೂ ಬಹಳ ಹಿಡಿಸುವ ಅಂಕಿ 2008ರದು. ಚೀನಾದ ಸಂಶೋಧಕರು ಬೆಳಕು ಹೀರುವ ಇನ್ನೊಂದು ಪುಡಿಯಾದ ಕ್ಯಾಡ್ಮಿಯಂ ಸಲ್ಫೈಡ್‌ಗೆ ಕೇವಲ ಶೇ 0.2ರಷ್ಟು ಮಾಲಿಬ್ಡಿನಂ ಡೈಸಲ್ಫೈಡ್ ಸೇರಿಸಿದರು. ಹೈಡ್ರೋಜನ್ ಬರುವ ವೇಗ 36 ಪಟ್ಟು ಏರಿತು. ಅದೇ ಪ್ರಯೋಗದಲ್ಲಿ ಪ್ಲಾಟಿನಂ ಹಾಕಿದ್ದಕ್ಕಿಂತ ಇದೇ ಮುಂದಿತ್ತು. ಸಾವಿರ ಕಿಲೋ ಅಕ್ಕಿಗೆ ಎರಡು ಕಿಲೋ ಬೆರೆಸಿದಷ್ಟು ಪ್ರಮಾಣ ಅದು.

ಮ್ಯಾಕ್ಸೀನ್ ಇನ್ನೂ ಹೊಸದು. 2011ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಮೊದಲು ಮಾಡಿದರು. ಟೈಟೇನಿಯಂ, ಅಲ್ಯೂಮಿನಿಯಂ, ಕಾರ್ಬನ್ ಇರುವ ಪದರದ ವಸ್ತುವಿನಿಂದ ಅಲ್ಯೂಮಿನಿಯಂ ಪದರವನ್ನು ಮಾತ್ರ ಆಮ್ಲದಲ್ಲಿ ಕರಗಿಸಿ ತೆಗೆದರೆ ಟೈಟೇನಿಯಂ ಕಾರ್ಬೈಡ್ ಹಾಳೆಗಳು ಉಳಿಯುತ್ತವೆ. ಇವು ಲೋಹದ ಹಾಗೆ ವಿದ್ಯುತ್ ಹರಿಸುತ್ತವೆ, ನೀರಿನಲ್ಲಿ ಚೆನ್ನಾಗಿ ಹರಡುತ್ತವೆ. ಮೈ ಮೇಲೆ ಆಕ್ಸಿಜನ್, ಹೈಡ್ರಾಕ್ಸಿಲ್, ಫ್ಲೋರಿನ್ ಅಂಟಿಕೊಂಡಿರುತ್ತವೆ. ಯಾವುದು ಎಷ್ಟು ಅಂಟಿದೆ ಎನ್ನುವುದರ ಮೇಲೆ ಅದರ ಗುಣವೇ ಬದಲಾಗುತ್ತದೆ. ಆಕ್ಸಿಜನ್ ಅಂಟಿದ ಮೈ ಹೈಡ್ರೋಜನ್ನನ್ನು ಹದವಾಗಿ ಹಿಡಿಯುತ್ತದೆ, ಫ್ಲೋರಿನ್ ಅಂಟಿದ ಮೈ ಹಿಡಿಯುವುದಿಲ್ಲ. 2017ರಲ್ಲಿ ಕ್ಯಾಡ್ಮಿಯಂ ಸಲ್ಫೈಡ್ ಜೊತೆ ಮ್ಯಾಕ್ಸೀನ್ ಇಟ್ಟು, 420 ನ್ಯಾನೋಮೀಟರ್ ಬೆಳಕಿನಲ್ಲಿ ಸುಮಾರು ಶೇ 40ರಷ್ಟು ಕ್ವಾಂಟಂ ದಕ್ಷತೆ (ಬಿದ್ದ ಬೆಳಕಿನ ಕಣಗಳಲ್ಲಿ ಕೆಲಸಕ್ಕೆ ಬಂದವುಗಳ ಪಾಲು) ಸಿಕ್ಕಿತು, ಪ್ಲಾಟಿನಂ ಇಲ್ಲದೆ.

ಇಷ್ಟು ಹೇಳಿಯೂ ನಿಮಗೆ ಮ್ಯಾಕ್ಸೀನ್ ಬೇಡ ಎನ್ನುತ್ತೇನೆ. ಕಾರಣ ಎರಡು. ಅದನ್ನು ಮಾಡಲು ಸಾಮಾನ್ಯವಾಗಿ ಹೈಡ್ರೋಫ್ಲೋರಿಕ್ ಆಮ್ಲ ಬೇಕು. ಚರ್ಮದ ಮೂಲಕ ಒಳಗಿಳಿದು ಜೀವಕ್ಕೇ ಕುತ್ತು ತರುವ ಆಮ್ಲ ಅದು. ಲಿಥಿಯಂ ಫ್ಲೋರೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಬೆರೆಸುವ ವಿಧಾನ ಸುರಕ್ಷಿತ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪಾತ್ರೆಯೊಳಗೆ ಹುಟ್ಟುವುದು ಅದೇ ಆಮ್ಲ. ಸರಿಯಾದ ಫ್ಯೂಮ್ ಹುಡ್, ಆ ಆಮ್ಲ ತಾಗಿದರೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್, ತರಬೇತಿ ಇಲ್ಲದ ಕಡೆ ಅದನ್ನು ಮುಟ್ಟಲೇ ಬಾರದು.

ಎರಡನೇ ಕಾರಣ ನನ್ನ ಮೇಜಿನ ಮೇಲೇ ನಡೆದದ್ದು. ಒಂದು ಮೇ ತಿಂಗಳಲ್ಲಿ ಬೇರೆ ಕಡೆಯಿಂದ ತಂದ ಮ್ಯಾಕ್ಸೀನ್ ನೀರು ಒಂದು ಚಿಕ್ಕ ಬಾಟಲಿಯಲ್ಲಿತ್ತು. ಕಡು ಹಸಿರು ಕಪ್ಪು ಬಣ್ಣ, ಶಾಯಿಯ ಹಾಗೆ. ಮುಚ್ಚಳ ಹಾಕಿ ಕಪಾಟಿನಲ್ಲಿ ಇಟ್ಟೆ. ಮಳೆಗಾಲದ ನಡುವೆ ತೆಗೆದು ನೋಡಿದರೆ ಮೇಲೆ ಬೂದು ನೀರು, ತಳದಲ್ಲಿ ಬಿಳಿ ಗಸಿ. ನೀರು ಮತ್ತು ಕರಗಿದ ಆಕ್ಸಿಜನ್ ಸೇರಿ ಹಾಳೆಗಳನ್ನು ಟೈಟೇನಿಯಂ ಡೈಆಕ್ಸೈಡ್ ಮಾಡಿಬಿಟ್ಟಿದ್ದವು. ಗೋಡೆ ಬಣ್ಣಕ್ಕೆ ಹಾಕುವ ಬಿಳಿ ಪುಡಿ ಅದೇ. ಆರ್ಗಾನ್ ತುಂಬಿಸಿ, ಫ್ರಿಜ್ಜಿನಲ್ಲಿ ಇಡಬೇಕಿತ್ತು. ಎರಡು ತಿಂಗಳ ಕೆಲಸ ಹೋಯಿತು. ಬೆಳಕು, ನೀರು, ಆಕ್ಸಿಜನ್ ಇವೇ ಫೋಟೋಕ್ಯಾಟಲಿಸಿಸ್, ಅಂದರೆ ಬೆಳಕಿನ ಬಲದ ಈ ಕ್ರಿಯೆ, ನಡೆಯುವ ಜಾಗ. ಅಲ್ಲಿ ಬಾಳಿಕೆ ಬಾರದ ವಸ್ತುವಿನ ಮೊದಲ ಗಂಟೆಯ ಅಂಕಿ ನೋಡಿ ಮರುಳಾಗಬಾರದು. ಕಪ್ಪು ರಂಜಕದ ಹಾಳೆಗೂ ಇದೇ ರೋಗ, ಗಾಳಿ ತೇವ ತಾಗಿದರೆ ಹಾಳಾಗುತ್ತದೆ. ಗ್ರಾಫೀನ್ ಗಟ್ಟಿ, ಎಲೆಕ್ಟ್ರಾನ್ ಸಾಗಿಸುತ್ತದೆ, ಆದರೆ ಹೈಡ್ರೋಜನ್ ಮಾಡುವ ಚುರುಕು ಅದಕ್ಕೆ ತಾನಾಗಿ ಇಲ್ಲ.

ನಿಮಗೆ ಸರಿ ಹೊಂದುವುದು ಮಾಲಿಬ್ಡಿನಂ ಡೈಸಲ್ಫೈಡ್. ಪುಡಿಯನ್ನು ನೀರು ಮತ್ತು ಎಥನಾಲ್ ಮಿಶ್ರಣದಲ್ಲಿ ಹಾಕಿ ಶಬ್ದದ ಅಲೆಗಳಿಂದ ಪದರ ಬಿಡಿಸುವ ಸೋನಿಕೇಟರ್‌ನಲ್ಲಿ ಕೆಲವು ಗಂಟೆ ಇಡಿ. ನೀರು ತಂಪಾಗಿರಲಿ. ದಪ್ಪ ಕಣ ತಳಕ್ಕೆ ಇಳಿದ ಮೇಲೆ ಮೇಲಿನ ನೀರು ತಿಳಿ ಆಲಿವ್ ಹಸಿರಾಗಿ ಕಾಣುತ್ತದೆ. ಅದರಲ್ಲಿ ತೆಳು ಹಾಳೆಗಳಿವೆ. ಲೇಸರ್ ಪಾಯಿಂಟರ್ ಬಿಟ್ಟು ನೋಡಿ, ಕಿರಣದ ದಾರಿ ಗೆರೆಯಂತೆ ಕಾಣಬೇಕು.

ಇಲ್ಲಿ ಒಂದು ಸೂಕ್ಷ್ಮ ಇದೆ. ಕಾರ್ಬನ್ ನೈಟ್ರೈಡ್ ಮತ್ತು ಮಾಲಿಬ್ಡಿನಂ ಡೈಸಲ್ಫೈಡ್ ಎರಡರ ಮೈಯೂ ಸಾಮಾನ್ಯ ನೀರಿನಲ್ಲಿ ಋಣ ವಿದ್ಯುದಂಶ ಹೊತ್ತಿರುತ್ತದೆ. ಹಾಗೇ ಬೆರೆಸಿದರೆ ಒಂದನ್ನೊಂದು ದೂರ ತಳ್ಳುತ್ತವೆ. ಹಳದಿ ಪುಡಿಯನ್ನು ಮೊದಲು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಲಕಿ, ತೊಳೆದು ತೆಗೆಯಿರಿ. ಅದರ ನೈಟ್ರೋಜನ್‌ಗಳು ಪ್ರೋಟಾನ್ ಹಿಡಿದು ಮೈ ಧನ ವಿದ್ಯುದಂಶಕ್ಕೆ ಬರುತ್ತದೆ. ಆಮೇಲೆ ಕಪ್ಪು ಹಾಳೆಗಳು ತಾವಾಗಿಯೇ ಬಂದು ಕೂರುತ್ತವೆ. ಮೈಗೆ ಮೈ ತಾಗಬೇಕು ಎಂದೆನಲ್ಲ, ತಾಗಿಸುವ ಉಪಾಯ ಇದು.

ಎಷ್ಟು ಹಾಕಬೇಕು? ಕಡಿಮೆ. ಶೇ 0.5ರಿಂದ ಶುರು ಮಾಡಿ, 1, 2, 5ರವರೆಗೆ ಹೋಗಿ. ಕಪ್ಪು ವಸ್ತು ಬೆಳಕನ್ನು ತಾನೇ ನುಂಗುತ್ತದೆ. ಜಾಸ್ತಿ ಹಾಕಿದರೆ ಹಳದಿ ಪುಡಿಗೆ ನೆರಳು. ಧಕ್ಕೆ ಕಟ್ಟುತ್ತಾ ಕಟ್ಟುತ್ತಾ ಸಮುದ್ರವನ್ನೇ ಮುಚ್ಚಿದ ಹಾಗೆ. ಗ್ರಾಫ್ ಹಾಕಿದರೆ ಗುಡ್ಡದ ಹಾಗೆ ಏರಿ ಇಳಿಯಬೇಕು. ಇಳಿಯುವ ಬದಿ ಕಾಣದಿದ್ದರೆ ನೀವು ಇನ್ನೂ ತುದಿ ಮುಟ್ಟಿಲ್ಲ.

ನೀರಿಗೆ ಟ್ರೈಎಥನಾಲಮೀನ್ ಸೇರಿಸುವುದು ಮರೆಯಬೇಡಿ. ಅದು ರಂಧ್ರಗಳನ್ನು ತಿಂದು ಹಾಕುತ್ತದೆ, ಎಲೆಕ್ಟ್ರಾನಿಗೆ ಬಿಡುವು ಸಿಗುತ್ತದೆ. ಶುರುವಿಗೆ ಅರ್ಧ ಗಂಟೆ ನೈಟ್ರೋಜನ್ ಹಾಯಿಸಿ ಗಾಳಿ ಹೊರಹಾಕಿ. ನೀವು ಬರೀ ನೀರು, ಗಾಳಿ ಇರುವ ಬಾಟಲಿ ಬಳಸಿದ್ದರೆ ಎಲೆಕ್ಟ್ರಾನ್‌ಗಳನ್ನು ಆಕ್ಸಿಜನ್ನೇ ಕಸಿದುಕೊಂಡಿರುತ್ತದೆ. ಆದರೆ ವರದಿಯಲ್ಲಿ ಇದನ್ನು ನೀರು ಒಡೆಯುವುದು ಎಂದು ಬರೆಯಬೇಡಿ. ಟ್ರೈಎಥನಾಲಮೀನ್ ಖರ್ಚಾಗುತ್ತಿದೆ, ಆಕ್ಸಿಜನ್ ಬರುತ್ತಿಲ್ಲ. ಅರ್ಧ ಕ್ರಿಯೆ ಎಂದೇ ಬರೆಯಿರಿ.

ಹೋಲಿಕೆಗೆ ನಾಲ್ಕು ಬಾಟಲಿ ಬೇಕೇ ಬೇಕು. ಬರೀ ಹಳದಿ ಪುಡಿ, ಬರೀ ಕಪ್ಪು ಹಾಳೆ, ಎರಡನ್ನೂ ಒಣಗಿಸಿ ಸುಮ್ನೆ ಅರೆದು ಬೆರೆಸಿದ್ದು, ಮತ್ತು ಆಮ್ಲದ ಉಪಾಯದಿಂದ ಜೋಡಿಸಿದ್ದು. ಕೊನೆಯ ಎರಡರ ಅಂಕಿ ಒಂದೇ ಆಗಿದ್ದರೆ, ಹಾಳೆ ಅಂಟಿದ್ದರಿಂದ ಲಾಭ ಆಯಿತು ಎಂದು ಹೇಳುವ ಹಾಗಿಲ್ಲ. ಪ್ರತಿಯೊಂದನ್ನೂ ಕತ್ತಲಲ್ಲೂ ಒಮ್ಮೆ ನೋಡಿ. ಫೋಟೋಲ್ಯೂಮಿನೆಸೆನ್ಸ್ (ಎಲೆಕ್ಟ್ರಾನ್ ರಂಧ್ರಕ್ಕೆ ವಾಪಸ್ಸು ಬಿದ್ದಾಗ ಪುಡಿ ಹೊರಬಿಡುವ ಬೆಳಕು) ಕಡಿಮೆಯಾಯಿತು, ಆದ್ದರಿಂದ ಎಲೆಕ್ಟ್ರಾನ್ ದಾಟಿತು ಎಂದು ಎಷ್ಟೋ ಪ್ರಬಂಧಗಳಲ್ಲಿ ಬರೆಯುತ್ತಾರೆ. ಅಷ್ಟರಿಂದ ನಾನು ಒಪ್ಪುವುದಿಲ್ಲ. ಕಪ್ಪು ವಸ್ತು ಬೆರೆತಾಗ ಬೆಳಕು ಸುಮ್ಮನೆ ಹೀರಿಹೋಗಿಯೂ ಕಡಿಮೆಯಾಗುತ್ತದೆ. ಮೀಥಿಲೀನ್ ಬ್ಲೂ ಬಣ್ಣ ಹೋಗುವುದನ್ನು ಅಳೆಯುವುದಾದರೂ ಅಷ್ಟೆ. ಹಾಳೆಗೆ ಬಣ್ಣ ಅಂಟಿಕೊಂಡರೂ ನೀರು ತಿಳಿಯಾಗುತ್ತದೆ. ಮೊದಲು ಒಂದು ಗಂಟೆ ಕತ್ತಲಲ್ಲಿ ಇಟ್ಟು ಆಮೇಲೆ ದೀಪ ಹಾಕಿ.

ಇನ್ನೊಂದು ಮಾತು ಹೇಳಲೇಬೇಕು. 2020ರಲ್ಲಿ ಜಪಾನಿನ ಕಝುನಾರಿ ಡೊಮೆನ್ ಅವರ ತಂಡ ಶುದ್ಧ ನೀರನ್ನೇ ಒಡೆದು ಶೇ 96ರಷ್ಟು ಕ್ವಾಂಟಂ ದಕ್ಷತೆ ತೋರಿಸಿತು. ಅಲ್ಲಿದ್ದದ್ದು ಹಾಳೆಯ ಕೋ-ಕ್ಯಾಟಲಿಸ್ಟ್ ಅಲ್ಲ. ಸ್ಟ್ರಾನ್ಷಿಯಂ ಟೈಟನೇಟ್ ಹರಳಿನ ಒಂದು ಮುಖದಲ್ಲಿ ರೋಡಿಯಂ, ಅದರ ಮೇಲೆ ಕ್ರೋಮಿಯಂ ಆಕ್ಸೈಡಿನ ತೆಳು ಹೊದಿಕೆ. ಆ ಹೊದಿಕೆ ಆಕ್ಸಿಜನ್ನನ್ನು ಒಳಗೆ ಬಿಡುವುದಿಲ್ಲ, ಹಾಗಾಗಿ ಹೈಡ್ರೋಜನ್ ಮತ್ತೆ ನೀರಾಗುವುದಿಲ್ಲ. ಇನ್ನೊಂದು ಮುಖದಲ್ಲಿ ಆಕ್ಸಿಜನ್ ಬರಲು ಕೋಬಾಲ್ಟಿನ ಕಣ. ಎಲೆಕ್ಟ್ರಾನಿಗೆ ಒಂದು ಧಕ್ಕೆ, ರಂಧ್ರಕ್ಕೆ ಬೇರೆಯೇ ಧಕ್ಕೆ. ಅಂದರೆ ಎಲ್ಲಿ ಇಳಿಸುತ್ತೇವೆ ಎನ್ನುವುದು ಮುಖ್ಯ. ಹಾಳೆ ಅದಕ್ಕೆ ಒಂದು ಒಳ್ಳೆಯ ಸಾಧನ, ಏಕೈಕ ಸಾಧನ ಅಲ್ಲ. ಮತ್ತೆ ಆ ದಾಖಲೆ 350-360 ನ್ಯಾನೋಮೀಟರಿನ ಅತಿನೇರಳೆ ಬೆಳಕಿನದು. ಬಿಸಿಲಿನಲ್ಲಿ ಅತಿನೇರಳೆ ಇರುವುದು ಶೇ 5ರ ಹತ್ತಿರ ಅಷ್ಟೆ. ಅದೇ ಜಾತಿಯ ಪುಡಿಯನ್ನು 100 ಚದರ ಮೀಟರ್ ಫಲಕಗಳಲ್ಲಿ ಹಾಕಿ ಬಿಸಿಲಿಗೆ ಇಟ್ಟಾಗ, ಬಿದ್ದ ಬಿಸಿಲಿನ ಶಕ್ತಿಯಲ್ಲಿ ಹೈಡ್ರೋಜನ್ ಆಗಿ ಸಿಕ್ಕಿದ್ದು ಗರಿಷ್ಠ ಶೇ 0.76.

ಆ ಶೇಕಡಾ ಎಂದರೆ ಎಷ್ಟು ಎಂದು ಲೆಕ್ಕ ಹಾಕಿ ನೋಡಿ. ಮಧ್ಯಾಹ್ನ ಒಂದು ಚದರ ಮೀಟರಿಗೆ ಸುಮಾರು 1000 ವಾಟ್ ಬಿಸಿಲು. ದಕ್ಷತೆ ಶೇ 1 ಆದರೆ 10 ವಾಟ್. ಗಂಟೆಗೆ 36 ಕಿಲೋಜೂಲ್. ಒಂದು ಮೋಲ್ ಹೈಡ್ರೋಜನ್‌ಗೆ 237 ಕಿಲೋಜೂಲ್ ಬೇಕು. ಹಾಗಾದರೆ ಗಂಟೆಗೆ 0.15 ಮೋಲ್, ಅಂದರೆ 0.3 ಗ್ರಾಂ. ಅದನ್ನು ಉರಿಸಿದರೆ, ಏನೂ ಪೋಲಾಗದಿದ್ದರೂ, ಒಂದು ಚಿಕ್ಕ ಲೋಟ ಚಹಾದ ನೀರು ಕುದಿಯುತ್ತದೆ. ಈ ಅಂಕಿಯನ್ನು ಎರಡು ಪಟ್ಟು, ಐದು ಪಟ್ಟು ಮಾಡುವ ಕೆಲಸಕ್ಕೇ ನೀವು ಇಳಿದಿರುವುದು, ಮತ್ತು ಅದು ಮಾಡಬೇಕಾದ ಕೆಲಸವೇ.

ಸಮುದ್ರದ ನೀರು ಈಗಲೇ ಬೇಡ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ನೀರಿನಿಂದ ಆಕ್ಸಿಜನ್ ಬರಲು ನಾಲ್ಕು ರಂಧ್ರ ಬೇಕು, ಕ್ಲೋರೈಡಿಗೆ ಎರಡೇ ಸಾಕು. ಹಾಗಾಗಿ ಆಕ್ಸಿಜನ್ ಬದಲು ಕ್ಲೋರಿನ್ ಬರುವ ಅಪಾಯ ಇದೆ, ಅದು ಹಾಳೆಯನ್ನೂ ಕೆಡಿಸುತ್ತದೆ. ಮೆಗ್ನೀಷಿಯಂ, ಕ್ಯಾಲ್ಸಿಯಂ ಬಿಳಿ ಪದರವಾಗಿ ಕೂರಬಹುದು. ಉಪ್ಪು ನೀರಿನಲ್ಲಿ ವಿದ್ಯುದಂಶದ ಮೈಗಳು ಒಂದನ್ನೊಂದು ತಳ್ಳುವ ಶಕ್ತಿಯೂ ಕುಗ್ಗುತ್ತದೆ, ಪುಡಿ ಗಂಟು ಗಂಟಾಗಿ ತಳಕ್ಕೆ ಹೋಗುತ್ತದೆ. ಕಾಳಿ ನದಿ ಸೇರುವ ಕಡೆಯ ನೀರಿನ ಉಪ್ಪು ಮಳೆಗಾಲಕ್ಕೂ ಬೇಸಿಗೆಗೂ ಬೇರೆ ಬೇರೆ ಇರುವುದರಿಂದ ಒಂದೇ ಪ್ರಯೋಗವನ್ನು ಮತ್ತೆ ಮಾಡುವುದೂ ಕಷ್ಟ. ಮೊದಲು ಡಿಸ್ಟಿಲ್ಡ್ ನೀರು, ಆಮೇಲೆ ಅದಕ್ಕೆ ಅಳೆದ ಅಡುಗೆ ಉಪ್ಪು, ಕೊನೆಗೆ ಸಮುದ್ರ.

ತಂದೆಯವರಿಗೆ ಹೇಳಿ, ಚೊಗರಿಗೆ ಇದು ಸದ್ಯ ಆಗುವುದಿಲ್ಲ. ಕೆಂಪಡಿಕೆ ಬೇಯಿಸಿದ ನೀರು ಕಡು ಕಂದು. ಅದರ ಟ್ಯಾನಿನ್‌ಗಳೇ ಬೆಳಕನ್ನು ನುಂಗಿಬಿಡುತ್ತವೆ, ಪುಡಿಯವರೆಗೆ ತಲುಪುವುದೇ ಇಲ್ಲ. ಚೊಗರನ್ನು ಅಡಿಕೆಗೆ ಬಣ್ಣ ಕಟ್ಟಲು ಬಳಸುವುದೇ ಅದಕ್ಕೆ ಒಳ್ಳೆಯ ದಾರಿ. ಬಹಳ ತೆಳುವಾದ ತೊಳೆದ ನೀರಿಗೆ, ಅದೂ ಕೊನೆಯ ಹಂತದಲ್ಲಿ, ಮುಂದೊಂದು ದಿನ ನೋಡಬಹುದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಬಿಸಿಲು ನಂಬಿ ಅಳತೆ ಮಾಡಬೇಡಿ. ಒಂದು 420 ನ್ಯಾನೋಮೀಟರ್ ಎಲ್‌ಇಡಿ ದೀಪ ತರಿಸಿಕೊಳ್ಳಿ, ಬಾಟಲಿಯಿಂದ ದೀಪದ ದೂರ ಗುರುತು ಹಾಕಿ ಇಡಿ. ಒಂದೇ ಪುಡಿಯನ್ನು ತೊಳೆದು ಕಡಿಮೆ ಎಂದರೂ ಮೂರು ಸಲ ಓಡಿಸಿ. ಗಾಳಿಯಲ್ಲಿ ಶೇ 4ರಷ್ಟು ಹೈಡ್ರೋಜನ್ ಇದ್ದರೂ ಬೆಂಕಿ ಹತ್ತುತ್ತದೆ, ಹಾಗಾಗಿ ಹತ್ತಿರ ಬರ್ನರ್ ಹಚ್ಚಬೇಡಿ. ಅಂಕಿಗಳು ಬಂದ ಮೇಲೆ ನಾಲ್ಕೂ ಬಾಟಲಿಯದ್ದು ಬರೆದು ಕಳಿಸಿ. ಏನೂ ಬಾರದ ಬಾಟಲಿಯದ್ದೂ ಸೇರಿಸಿ.